ಮೇಲ್ಮುಖ ಬಾಣ

ಹನ್ನೊಂದು ವರ್ಷ ಮೀನು ಸೀಳಿದವಳು ನಾನು,
ಕ್ಲಾಕ್ಸ್‌ವೀಕ್ ಬಂದರಿನ ಕಾರ್ಖಾನೆಯಲ್ಲಿ,
ಮೂರನೆಯ ಸಾಲು, ಕಿಟಕಿಯ ಕಡೆ.
ಮಣಿಕಟ್ಟು ಮುನಿಸಿಕೊಂಡ ಮೇಲೆ
ಮೆಟ್ಟಿಲು ಹತ್ತಿಸಿ ಕೂರಿಸಿದರು
ಕಪ್ಪು ಪರದೆಯ ಮುಂದೆ.
ಮಿಣುಕುತ್ತಿತ್ತು ಒಂದು ಚೌಕ.
ಏನೂ ಕೇಳದು, ಏನೂ ಹೇಳದು.

ಮೊದಲು ಎಲ್ಲಿದ್ದೇನೆ ಅಂತ ಕೇಳು, ಅಂದ ಹೇಯಿನ್,
ಪಿಡಬ್ಲ್ಯೂಡಿ ಅಂತ ಹೊಡೆ.
ಮಂಜು ಕವಿದಾಗ ದೋಣಿಯವನು ಕೇಳುವುದೂ ಅದನ್ನೇ,
ಹೋಗುವ ಊರನ್ನು ಆಮೇಲೆ.
ಎಲ್‌ಎಸ್ ಅಂದರೆ ಸುತ್ತ ಏನೇನಿದೆ ನೋಡು.
ಚುಕ್ಕಿಯಿಂದ ಶುರುವಾಗುವ ಹೆಸರುಗಳು
ಸುಮ್ಮನೆ ಎದುರಿಗೆ ಬರುವುದಿಲ್ಲ,
ಅವನ್ನು ಬೇರೆಯಾಗಿ ಕರೆಯಬೇಕು.
ನಿನ್ನ ಹಾಗೆ, ಅಂದೆ. ನಗಲಿಲ್ಲ.

ಕೊಳವೆ ಮಾತ್ರ ಮೊದಲ ದಿನವೇ ಹೊಳೆಯಿತು,
ಆ ನೆಟ್ಟಗಿನ ಗೀಟು.
ತಲೆ ಕತ್ತರಿಸುವವಳ ಕೈಯಿಂದ ಕರುಳು ತೆಗೆಯುವವಳಿಗೆ,
ಅವಳಿಂದ ನನಗೆ, ನನ್ನಿಂದ ಮಂಜುಗಡ್ಡೆಗೆ.
ಇಡೀ ಮೀನು ಯಾರಿಗೂ ಬೇಕಿಲ್ಲ.
ಗ್ರೆಪ್ ಬೇಕಾದ್ದನ್ನು ಹೆಕ್ಕುತ್ತದೆ,
ಸಾರ್ಟ್ ಅಳತೆಗೆ ಜೋಡಿಸುತ್ತದೆ,
ಹೆಡ್ ಮೇಲಿನ ಹತ್ತನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಕಿಲ್ ಅಂದರೆ ಕೊಲ್ಲುವುದಲ್ಲ,
ಎದ್ದು ಹೋಗಪ್ಪ ಅಂತ ಕೇಳಿಕೊಳ್ಳುವುದು.
ಕೇಳದಿದ್ದರೆ ಒಂಬತ್ತು. ಅದು ಕೊಲೆ.
ಆರ್‌ಎಂ ಬರೆದ ಮೇಲೆ ಕೈ ತೊಡೆಯ ಮೇಲಿಡು,
ಸಾಲನ್ನು ಬಾಯಿಬಿಟ್ಟು ಓದು,
ಆಮೇಲೆ ಎಂಟರ್.
ಇಲ್ಲಿ ಕಸದ ಬುಟ್ಟಿಯಿಲ್ಲ,
ಹೋದದ್ದು ಸಮುದ್ರಕ್ಕೆ ಜಾರಿದ ಚಾಕು.

ಒಂದೇ ಬೇಸರ, ಅವನಿಟ್ಟ ಅಡ್ಡಹೆಸರುಗಳು.
ಗ್ರೆಪ್‌ಗೆ ಬರೀ ಜಿ, ಟೇಲ್‌ಗೆ ಟಿ.
ನಾಲ್ಕಕ್ಷರ ಹೊಡೆಯಲೂ ಸೋಮಾರಿತನವೇ ಅಂತ
ಮನಸ್ಸಿನಲ್ಲೇ ಬೈದುಕೊಂಡಿದ್ದೆ.
ಪಾಠ ಹೇಳುವಾಗಲೂ ಕೀಲಿಮಣೆಯನ್ನು
ನನ್ನ ಕಡೆಗೇ ತಳ್ಳುತ್ತಿದ್ದ.

ಜನವರಿಯ ರಾತ್ರಿ, ಪಾಳಿಯಲ್ಲಿ ನಾನೊಬ್ಬಳೇ.
ನಾಲ್ಕನೆಯ ಶೀತಲಕೋಣೆ ಮಾತು ನಿಲ್ಲಿಸಿತು.
ಡಿಎಫ್: ಡಿಸ್ಕ್ ನೂರಕ್ಕೆ ನೂರು.
ಡಿಯು, ಸಾರ್ಟ್, ಹೆಡ್.
ಒಂದೇ ಕಡತ ಉಬ್ಬಿ ಕೂತಿದೆ,
ಒಳಗೆ ಒಂದೇ ಸಾಲು, ಲಕ್ಷಾಂತರ ಸಲ:
ಏಳನೆಯ ಸಂವೇದಕ ಉತ್ತರಿಸುತ್ತಿಲ್ಲ
ಏಳನೆಯ ಸಂವೇದಕ ಉತ್ತರಿಸುತ್ತಿಲ್ಲ
ಕೆಳಗೆ ನಲವತ್ತು ಟನ್ ಕಾಡ್.

ಅಳಿಸಬೇಡ, ಬರಿದು ಮಾಡು ಅಂದಿದ್ದ ಹಿಂದೊಮ್ಮೆ.
ಹೇಗೆ ಅನ್ನುವುದೇ ಮರೆತಿದೆ.
ಅವನು ಮಾಡಿರಲೇಬೇಕು, ಇದೇ ಯಂತ್ರದಲ್ಲಿ,
ಇಬ್ಬರಿಗೂ ಇದೊಂದೇ ಖಾತೆ.
ಹಿಸ್ಟರಿ. ಬಾಣ ಮೇಲಕ್ಕೆ,
ಮೇಲಕ್ಕೆ.

ಸಿಕ್ಕಿತು, ಟ್ರಂಕೇಟ್. ಕೋಣೆ ಮತ್ತೆ ಬಾಯಿಬಿಟ್ಟಿತು:
ಮೈನಸ್ ಇಪ್ಪತ್ತನಾಲ್ಕು.
ಬೆರಳು ಮಾತ್ರ ನಿಲ್ಲಲಿಲ್ಲ.

ಗ್ರೆಪ್ಪ್‌ಪ್. ಗೆರ್ಪ್. ಗೆಪ್ರ್. ಗ್ರೆಪ್.
ಮೂರು ವರ್ಷದ ಕೆಳಗಿನ ಸಾಲುಗಳು
ಇಸ್ತ್ರಿ ಹಾಕಿ ಮಡಿಸಿಟ್ಟ ಹಾಗೆ.
ಆಮೇಲೆ ಅಲ್ಲೊಂದು ತಪ್ಪು, ಇಲ್ಲೊಂದು.
ಕಳೆದ ಬೇಸಿಗೆ, ಒಂದು ಪದಕ್ಕೆ ಆರು ಸಲ.
ಸೆಪ್ಟೆಂಬರಿನ ಒಂದು ಬೆಳಗ್ಗೆ, ಒಂದರ ಹಿಂದೊಂದು,
ಹುಟ್ಟಿದ್ದವು ಅಡ್ಡಹೆಸರುಗಳು.
ಅದಾಗಿ ಮೂರು ವಾರಕ್ಕೆ
ನನ್ನನ್ನು ಮೆಟ್ಟಿಲು ಹತ್ತಿಸಿದ್ದು.

ಹಿಸ್ಟರಿಗೂ ಒಂದು ಬಾಲವಿದೆ, ಮೈನಸ್ ಸಿ,
ಎಲ್ಲವನ್ನೂ ತೊಳೆದುಬಿಡುತ್ತದೆ.
ಬರೆದೆ. ಕೈ ತೊಡೆಯ ಮೇಲಿಟ್ಟೆ.
ಬಾಯಿಬಿಟ್ಟು ಓದಿದೆ.
ಆ ಸಾಲನ್ನೇ ಅಳಿಸಿದೆ, ಹಿಂದಕ್ಕೆ,
ಒಂದೊಂದೇ ಅಕ್ಷರ.

ಎಂಟಕ್ಕೆ ಬಂದ, ಟೋಪಿಯ ಮೇಲೆ ಹಿಮದ ಪುಡಿ.
ಏನಾದರೂ ಆಯಿತೇ ರಾತ್ರಿ?
ಏಳನೆಯ ಸಂವೇದಕ ಬದಲಿಸಬೇಕು, ಅಂದೆ.
ಕಾಫಿ ಬಗ್ಗಿಸಿದೆ,
ಅವನ ಲೋಟಕ್ಕೆ ಅರ್ಧ ಮಾತ್ರ.
ಲೋಟ ನೋಡಿದ. ನನ್ನನ್ನು ನೋಡಿದ.
ಎರಡೂ ಕೈಯಲ್ಲಿ ಹಿಡಿದುಕೊಂಡ.

ಕೀಲಿಮಣೆ ನನ್ನ ಕಡೆಗೆ ನಾನೇ ಎಳೆದುಕೊಂಡು
ಜಿ ಅಂತ ಹೊಡೆದೆ.
ಇದೇ ಬೇಗ ಆಗುತ್ತೆ, ಅಂದೆ.